ಅಕ್ಕಿಕಾಳು ಬೀಳುವಾಗ ಅಡ್ಡ ನಿಲ್ಲಬೇಡಿ

ಮಾನ್ಯ ಸಂಪಾದಕರೇ,

ಈಗಿನ ಮದುವೆಗಳಲ್ಲಿ ಮುಂದಿನ ಸಾಲಿನಲ್ಲಿ ಕುಂತವರಿಗೂ ಕಾಣುವುದು ಕ್ಯಾಮೆರಾದವರ ಬೆನ್ನೇ. ಗದಗದಲ್ಲಿ ಸ್ಟುಡಿಯೊ ಇಟ್ಟುಕೊಂಡಿದ್ದವನಾಗಿ ಈ ಮಾತು ಹೇಳುತ್ತಿದ್ದೇನೆ. ಆಗ 120 ನಂಬರಿನ ಅಗಲ ಫಿಲ್ಮ್ ರೋಲಿನಲ್ಲಿ ಚೌಕ ಚಿತ್ರ 12, 35 ಎಂ.ಎಂ. ರೋಲಿನಲ್ಲಿ 36. ಫ್ಲ್ಯಾಶ್ ಒಮ್ಮೆ ಮಿಂಚಿದರೆ ಮತ್ತೆ ಚಾರ್ಜ್ ಆಗಲು ಕೆಲವು ಸೆಕೆಂಡು ಬೇಕು. ಅವಸರಕ್ಕೆ ಮೊದಲೇ ಬಟನ್ ಒತ್ತಿದರೆ, ಫ್ಲ್ಯಾಶ್ ಮತ್ತೆ ತಯಾರಾಗುವಷ್ಟರಲ್ಲಿ ಅಕ್ಕಿಕಾಳು ನೆಲ ಸೇರಿರುತ್ತಿತ್ತು. ಹಾಗಾಗಿ ಮಂಗಳಾಷ್ಟಕದ ಕೊನೆಯ ‘ಸಾವಧಾನ’ದವರೆಗೂ ಮೂಲೆ ಹಿಡಿದು, ಉಸಿರು ಬಿಗಿಹಿಡಿದು ಕಾಯುತ್ತಿದ್ದೆವು.

ಈಗ ಡಿಜಿಟಲ್ ಕ್ಯಾಮೆರಾದಲ್ಲಿ ಲೆಕ್ಕವಿಲ್ಲದೆ ಒಂದೇ ಸಮನೆ ಕ್ಲಿಕ್ಕಿಸುತ್ತಾರೆ. ಹಕ್ಕಿಗಾದರೆ ಅದು ಸರಿ. ನಮ್ಮ ಜಿಲ್ಲೆಯ ಮಾಗಡಿ ಕೆರೆಯಿಂದ ಪಟ್ಟೆತಲೆ ಬಾತುಗಳು ಒಮ್ಮೆಲೇ ಎದ್ದಾಗ ಯಾರೂ ಲೆಕ್ಕ ಇಡಬೇಕಿಲ್ಲ, ಎಷ್ಟಾದರೂ ತೆಗೆಯಲಿ. ಆದರೆ ಹಾರ ಹಿಡಿದು ನಿಂತ ಮದುಮಗಳು ಎಲ್ಲಿಗೂ ಹಾರಿಹೋಗುವುದಿಲ್ಲವಲ್ಲ!

ನಮ್ಮ ಬೀಗರ ಮನೆಯ ಮದುವೆಯ ಪೆನ್‌ಡ್ರೈವಿನಲ್ಲಿ ಸಾವಿರಾರು ಫೋಟೊ ಇವೆ. ಬಳೆ, ಮೆಹಂದಿ, ಚಪ್ಪಲಿ ಎಲ್ಲ ಇದೆ. ಸೋದರಮಾವನ ಜೊತೆ ಮದುಮಗಳದ್ದು ಒಂದೂ ಇಲ್ಲ. ಆರಿಸಲು ಯಾರಿಗೂ ಪುರಸೊತ್ತಿಲ್ಲದೆ ಆಲ್ಬಮ್ಮೂ ಆಗಿಲ್ಲ.

ಯಾರ್‍ಯಾರ ಜೊತೆ ಫೋಟೊ ಬೇಕೆಂದು ಮನೆಯ ಹಿರಿಯರು ಹಿಂದಿನ ದಿನವೇ ಚೀಟಿ ಬರೆದುಕೊಡಲಿ. ಅಕ್ಕಿಕಾಳಿನ ಹೊತ್ತಿಗೆ ವೇದಿಕೆ ಮೇಲೆ ಒಂದೇ ಕ್ಯಾಮೆರಾ ಇರಲಿ, ಅದೂ ಪಕ್ಕಕ್ಕೆ.

– ಒಬ್ಬ ಹಳೆಯ ಛಾಯಾಗ್ರಾಹಕ, ಗದಗ