ಪೆನಾಂಗ್‌ನ ಹೂವಿನ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ಕೇಳಲೇ ಇಲ್ಲ, ಆ ಗಡಿಬಿಡಿಯಲ್ಲಿ ಅದು ಹೊಳೆಯಲೂ ಇಲ್ಲ.

2019ರಲ್ಲಿ ಕಲಬುರಗಿಯಿಂದ ಹೊರಟ ನಾವು ಐದು ಜನ ಸಿಂಗಪುರದಲ್ಲಿ ಕ್ರೂಸ್ ಹಡಗು ಹತ್ತಿದೆವು. ನಮ್ಮೂರಿನ ಅಪ್ಪನ ಕೆರೆಗಿಂತ ದೊಡ್ಡ ನೀರನ್ನು ಅವ್ವ ಅಲ್ಲೀತನಕ ನೋಡಿರಲಿಲ್ಲ. ಹಡಗಿನಲ್ಲಿ ಹತ್ತು ಬಗೆಯ ಊಟ ಇಟ್ಟಿದ್ದರೂ ಆಕೆ ಕಟ್ಟಿಕೊಂಡು ಬಂದಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿಯನ್ನೇ ರೂಮಿನಲ್ಲಿ ತಿಂದಳು.

ಮಲೇಷ್ಯಾದ ಪೆನಾಂಗ್‌ನ ಜಾರ್ಜ್ ಟೌನ್‌ನಲ್ಲಿ ಇಳಿದಾಗ, 1833ರ ಮಾರಿಯಮ್ಮನ ಗುಡಿಗೆ ಹೋದೆವು. ನಾನು ಗೋಪುರದ ಫೋಟೋ ತೆಗೆಯುತ್ತಾ ನಿಂತೆ (ತಪ್ಪು ನನ್ನದೇ), ತಿರುಗಿ ನೋಡಿದರೆ ಅವ್ವ ಇಲ್ಲ. ಹಡಗು ಹೊರಡುವ ಹೊತ್ತಿಗೆ ಅಲ್ಲ, ಅದಕ್ಕೂ ಮುಂಚೆಯೇ ಎಲ್ಲರೂ ಒಳಗಿರಬೇಕು, ತಡವಾದರೆ ಅದು ಕಾಯುವುದಿಲ್ಲ. ಎದೆ ಡವಡವ.

ಅತ್ತ ಅವ್ವ ನಿಮ್ಮ ಹೂವಿನ ಬುಟ್ಟಿ ಹತ್ತಿರ ಅಳುತ್ತಾ ನಿಂತಿದ್ದಳಂತೆ. ಆಕೆಗೆ ತಮಿಳು ಬಾರದು, ನಿಮಗೆ ಕನ್ನಡ ಬಾರದು. ಕೊರಳಲ್ಲಿ ನೇತಾಡುತ್ತಿದ್ದ ಹಡಗಿನ ಕಾರ್ಡ್ ನೋಡಿದ್ದೇ ನೀವು ವ್ಯಾಪಾರ ಬಿಟ್ಟು, ಕೈ ಹಿಡಿದು, ಆ ಸುಡುಬಿಸಿಲಲ್ಲಿ ಬಂದರಿನ ಹತ್ತಿರದ ಗಡಿಯಾರ ಗೋಪುರದವರೆಗೆ ನಡೆಸಿಕೊಂಡು ಬಂದಿರಿ. ನಾವು ಓಡಿಬಂದರೆ ಇಬ್ಬರೂ ನೆರಳಲ್ಲಿ ಕೂತು ನಗುತ್ತಿದ್ದಿರಿ! ಏನು ಮಾತಾಡಿದಿರೋ, ಅವ್ವ ಇವತ್ತಿಗೂ ಹೇಳಿಲ್ಲ. ದುಡ್ಡು ಕೊಡಲು ಹೋದರೆ ಬೈದಿರಿ, ಅದು ಮಾತ್ರ ಚೆನ್ನಾಗಿ ಅರ್ಥವಾಯಿತು.

ಅದೇ ಪ್ರವಾಸದ ಇನ್ನೊಂದು ಊರು, ಥಾಯ್ಲೆಂಡಿನ ಫುಕೆಟ್ ಹೇಗಿತ್ತು ಎಂದು ಯಾರಾದರೂ ಕೇಳಿದರೆ ಅವ್ವ ನಿಮ್ಮ ಕಥೆಯನ್ನೇ ಹೇಳುತ್ತಾಳೆ. ನೀವು ಮುಡಿಸಿದ ಮಲ್ಲಿಗೆ ಒಣಗಿ ಪುಡಿಯಾಗಿದೆ, ಆದರೂ ದೇವರ ಗೂಡಿನಲ್ಲಿದೆ. ತುಂಬಾ ಥ್ಯಾಂಕ್ಸ್ ಅಕ್ಕಾ.