ಕೋಣೆ ಕೊಟ್ಟವರಿಗೆ, ಗುಟ್ಟು ಕಾಪಾಡಿದವರಿಗೆ

ಶಿಡ್ಲಘಟ್ಟದಲ್ಲಿ ಹೆಂಗಸರಿಗೆಂದು ಗುರುವಾರಗಳಂದು ನಡೆಯುವ ಆಪ್ತಸಮಾಲೋಚನೆಗೆ ಒಂದು ವರ್ಷ ತುಂಬಿತು. ಆತಂಕ, ನಿದ್ದೆಗೇಡು, ಹೊಸದಾಗಿ ಮದುವೆಯಾಗಿ ಬಂದ ಮನೆ, ಬಾಣಂತನ, ಮುಟ್ಟು ನಿಲ್ಲುವ ಕಾಲ, ಗಂಡನ ಸಾವು, ಇಂಥ ತಿರುವುಗಳಲ್ಲಿ ಕಂಗೆಟ್ಟವರ ಜೊತೆ ಕೂತು ಮಾಡುವ ಕೆಲಸ ಇದು. ವರ್ಷ ತುಂಬಿತೆಂದು ಶಾಮಿಯಾನ ಹಾಕಿ ಹಾರ-ತುರಾಯಿ ಮಾಡುವ ಹಾಗಿಲ್ಲ, ಬಂದವರ ಮುಖ ಫೋಟೋದಲ್ಲಿ ಬರಬಾರದಲ್ಲ! ಅದಕ್ಕೇ ಈ ಬರಹ. ಯಾರ ಹೆಸರೂ ಇದರಲ್ಲಿಲ್ಲ. ಓದಿದರೆ ಅವರವರಿಗೆ ಗೊತ್ತಾಗುತ್ತದೆ.

ಮೊದಲ ನಮಸ್ಕಾರ ಕೋಣೆ ಕೊಟ್ಟವರಿಗೆ. ಹೊಲಿಗೆ ತರಬೇತಿ ನಡೆಯುವ ಕಟ್ಟಡದ ಹಿಂದಿನ ಕೋಣೆ ಅದು. ಹೊರಗೆ ಬೋರ್ಡಿಲ್ಲ. ‘ಮಾನಸಿಕ’ ಎಂದು ಬೋರ್ಡ್ ಹಾಕಿದ ದಿನವೇ ಅರ್ಧ ಜನ ಹೊಸ್ತಿಲು ತುಳಿಯುವುದಿಲ್ಲ. ಹೊಲಿಗೆ ಯಂತ್ರಗಳ ಗಲಾಟೆ ಇದೆಯಲ್ಲ ಎಂದು ಕೋಣೆಯ ಯಜಮಾನರು ಮುಜುಗರಪಟ್ಟಿದ್ದರು. ನಮಗೆ ಬೇಕಾಗಿದ್ದದ್ದೇ ಅದು. ಒಳಗಿನ ಮಾತು ಹೊರಗೆ ಬೆಂಚಿನ ಮೇಲೆ ಕೂತ ಅತ್ತೆಗೆ ಕೇಳಿಸುವುದಿಲ್ಲ. ಕುರ್ಚಿಗಳನ್ನು ಎದುರುಬದುರು ಇಡದೆ ಸ್ವಲ್ಪ ಓರೆ ಮಾಡಿ ಇಡುತ್ತೇವೆ, ಅಳು ಬಂದಾಗ ಕಣ್ಣು ತಪ್ಪಿಸಿಕೊಳ್ಳಲು ಜಾಗ ಬೇಕು. ಬಾಗಿಲ ಹತ್ತಿರದ ಕುರ್ಚಿ ಯಾವಾಗಲೂ ಬಂದವರದು. ಬಾಗಿಲು ಮುಚ್ಚಿರುತ್ತದೆ, ಚಿಲಕ ಹಾಕಿರುವುದಿಲ್ಲ. ಗಾಬರಿಯ ಕಾಯಿಲೆ ಇರುವವರಿಗೆ ಚಿಲಕದ ಸದ್ದೇ ಸಾಕು. ಗಡಿಯಾರ ಅವರ ಬೆನ್ನ ಹಿಂದಿನ ಗೋಡೆಯಲ್ಲಿದೆ. ಒಂದು ಭೇಟಿಯ 50 ನಿಮಿಷದ ಲೆಕ್ಕ ಇಡಬೇಕಾದವರು ನಾವು.

ಹೊತ್ತು ಯಾವುದಿರಬೇಕೆಂದು ಹೇಳಿಕೊಟ್ಟವರು ಡೇರಿಗೆ ಹಾಲು ಹಾಕುವ ಹೆಂಗಸರು. ಬೆಳಗಿನ ಹಾಲು, ಅಡುಗೆ, ಮಕ್ಕಳ ಸ್ಕೂಲು ಮುಗಿಯುವುದು ಹತ್ತೂವರೆಗೆ. ಮೂರರ ಮೇಲೆ ಮತ್ತೆ ದನ, ಮೇವು. ಹಾಗಾಗಿ ಹನ್ನೊಂದರಿಂದ ಎರಡು. ಸಂಜೆ ಐದಕ್ಕೆ ಇಟ್ಟಿದ್ದರೆ ಖಾಲಿ ಕುರ್ಚಿಗಳ ಜೊತೆ ಮಾತಾಡಬೇಕಾಗುತ್ತಿತ್ತು.

ರೇಷ್ಮೆ ಸಾಕುವವರು ಇನ್ನೊಂದು ಕ್ಯಾಲೆಂಡರ್ ಕೊಟ್ಟರು. ಮೊಟ್ಟೆಯೊಡೆದು ಗೂಡು ಕಟ್ಟುವವರೆಗೆ ಸುಮಾರು 25ರಿಂದ 28 ದಿನ. ಅದರಲ್ಲಿ ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹಂತ) ಎದ್ದ ಮೇಲಿನ ಏಳೆಂಟು ದಿನ ಮನೆಯಲ್ಲಿ ಯಾರೂ ನೆಟ್ಟಗೆ ಮಲಗುವುದಿಲ್ಲ. ಬೆಳೆಗೆ ಬೇಕಾಗುವ ಸೊಪ್ಪಿನ ಬಹುಪಾಲು ಆ ವಾರದಲ್ಲೇ ಖರ್ಚು. ಆ ವಾರ ಯಾರನ್ನೂ ಕರೆಯಬಾರದು, ಆತಂಕದ ಅಳತೆಯನ್ನಂತೂ ತೆಗೆಯಲೇಬಾರದು. ನಿದ್ದೆಗೆಟ್ಟವರ ಅಂಕ ಏರಿಯೇ ಇರುತ್ತದೆ. ಕೈ ತೊಳೆಯುವುದೂ ಹೀಗೇ. ಹುಳುಗಳಿಗೆ ಸಪ್ಪೆ ರೋಗ, ಸುಣ್ಣಕಟ್ಟು ರೋಗ ತಗುಲದಂತೆ ಹುಳುಮನೆಗೆ ಹೋಗುವಾಗ ಬರುವಾಗ ಸೋಂಕುನಿವಾರಕದಲ್ಲಿ ಕೈ ತೊಳೆಯುವುದು ಕಸುಬಿನ ನಿಯಮ. ಅದನ್ನು ಗೀಳು ಎಂದು ಬರೆದುಕೊಂಡರೆ ನಗೆಪಾಟಲಾಗುತ್ತೇವೆ. ಗೂಡು ಮಾರುಕಟ್ಟೆಗೆ ಹೋಗಿ, ಹುಳುಮನೆ ಖಾಲಿಯಾದ ಮೇಲೂ ಕೈ ತೊಳೆಯುವುದು ನಿಲ್ಲದೆ ಚರ್ಮ ಸುಲಿಯುತ್ತಿದ್ದರೆ ಆಗ ಕೇಳಬೇಕು.

ಆಶಾ ಕಾರ್ಯಕರ್ತೆಯರಿಗೆ, ಅಂಗನವಾಡಿ ಟೀಚರುಗಳಿಗೆ ಎಷ್ಟು ಹೇಳಿದರೂ ಕಮ್ಮಿಯೇ. ಇವರು ಯಾರನ್ನೂ ‘ನಿಮಗೆ ಟೆನ್ಷನ್ ಇದೆಯಾ’ ಎಂದು ಕೇಳಲಿಲ್ಲ. ‘ರಾತ್ರಿ ಎಷ್ಟೊತ್ತಿಗೆ ಎಚ್ಚರ ಆಗುತ್ತೆ? ಎದ್ದ ಮೇಲೆ ಏನು ನೆನಪಾಗುತ್ತೆ?’ ಎಂದು ಕೇಳಿದರು. ಆಮೇಲೆ ಏಳು ಪ್ರಶ್ನೆಗಳ ಪಟ್ಟಿ: ಹಿಂದಿನ ಎರಡು ವಾರದಲ್ಲಿ ಗಾಬರಿ, ತಡೆಯಲಾಗದ ಚಿಂತೆ, ಸಿಡಿಮಿಡಿ, ಏನೋ ಕೆಟ್ಟದ್ದಾಗುತ್ತದೆಂಬ ಭಯ ಎಷ್ಟು ದಿನ ಇತ್ತು ಎಂಬುದಕ್ಕೆ ಪ್ರತಿಯೊಂದಕ್ಕೂ 0ಯಿಂದ 3 ಅಂಕ. ಒಟ್ಟು 21. ಹತ್ತು ಮುಟ್ಟಿದರೆ ಕೂತು ವಿವರವಾಗಿ ಮಾತಾಡಬೇಕು, ಹದಿನೈದು ಮುಟ್ಟಿದರೆ ತಡಮಾಡಬಾರದು. ಅಂಕವೇ ರೋಗನಿರ್ಣಯ ಆಗುವುದಿಲ್ಲ ಎಂಬುದನ್ನೂ ಅವರು ಮರೆಯಲಿಲ್ಲ. ಅಂಗಳದಲ್ಲಿ ನಿಂತು ಈ ಪ್ರಶ್ನೆ ಓದಿದರೆ ಉತ್ತರ ಕೊಡುವುದು ಅತ್ತೆ ಅಥವಾ ನಾದಿನಿ, ಎಲ್ಲಕ್ಕೂ ಸೊನ್ನೆ. ಅದಕ್ಕೇ ತೂಕ ನೋಡುವ ನೆಪದಲ್ಲಿ ಒಳಗೆ ಕರೆದೊಯ್ದು ಕೇಳಿದರು. ತೆಲುಗು ಮನೆಯಲ್ಲಿ ತೆಲುಗಿನಲ್ಲಿ, ಉರ್ದು ಮನೆಯಲ್ಲಿ ಉರ್ದುವಿನಲ್ಲಿ ಕೇಳಿದರು. ಬಾವಿಕಟ್ಟೆಯ ಹತ್ತಿರ, ಬಸ್ಸಿನಲ್ಲಿ ಆ ವಿಷಯ ಎತ್ತಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ಹಕ್ಕಾಗಿಸಿದೆ ಸರಿ, ಹಳ್ಳಿಯಲ್ಲಿ ಆ ಹಕ್ಕು ಉಳಿಯುವುದು ಇಂಥವರ ಬಾಯಿಬಿಗಿಯಿಂದ.

ಮೊದಲೇ ರಕ್ತ ಪರೀಕ್ಷೆ ಮಾಡಿಸಿ ಕಳಿಸಿದ ಸರ್ಕಾರಿ ವೈದ್ಯರಿಗೂ ಋಣಿ. ಎದೆ ಡವಡವ, ಕೈ ನಡುಕ, ಬೆವರು, ತೂಕ ಇಳಿಯುವುದು ಥೈರಾಯ್ಡ್ ಹೆಚ್ಚಾದರೂ ಬರುತ್ತದೆ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, ಅದು ತೀರಾ ಇಳಿದರೆ ಮೆಟ್ಟಿಲು ಹತ್ತುವಾಗಲೇ ಏದುಸಿರು. ಮುಟ್ಟು ನಿಲ್ಲುವ ವರ್ಷಗಳಲ್ಲಿ ರಾತ್ರಿ ಧಗ್ಗನೆ ಬಿಸಿಯೇರಿ ಎಚ್ಚರವಾಗುತ್ತದೆ. ಇವನ್ನು ನೋಡದೆ ಬರೀ ಮಾತಾಡಿಸುತ್ತ ಕೂತರೆ ಅನ್ಯಾಯ. ಇಸಿಜಿ ಸರಿಯಿದ್ದಾಗ ‘ನಿಮಗೇನೂ ಇಲ್ಲ, ಹೋಗಿ’ ಎಂದು ಅಟ್ಟುವುದು ಇನ್ನೊಂದು ಅನ್ಯಾಯ. ಈ ವೈದ್ಯರು ‘ಹೃದಯ ಚೆನ್ನಾಗಿದೆ, ಆದರೆ ನಿಮ್ಮ ಎದೆಬಡಿತ ಸುಳ್ಳಲ್ಲ, ಅದಕ್ಕೆ ಬೇರೆ ಉಪಾಯ ಇದೆ’ ಎಂದರು. ಆ ಒಂದು ವಾಕ್ಯಕ್ಕೆ ನಮ್ಮ ಎರಡು ಭೇಟಿ ಉಳಿಯುತ್ತದೆ. ಸುಸ್ತು ಅಂದವರಿಗೆಲ್ಲ ಗ್ಲೂಕೋಸ್ ಬಾಟ್ಲಿ ಏರಿಸಲಿಲ್ಲ ಎಂಬುದಕ್ಕೂ ಧನ್ಯವಾದ. ಬಾಟ್ಲಿ ಏರಿಸಿಕೊಂಡವರು ಮುಂದಿನ ಗಾಬರಿಗೂ ಬಾಟ್ಲಿಯನ್ನೇ ಹುಡುಕುತ್ತಾರೆ.

ಗಾಬರಿ ಏರಿದಾಗ ಒಳಗೆ ನಡೆಯುವುದೇನು ಎಂಬುದನ್ನು ಇಲ್ಲೂ ಹೇಳಿಬಿಡುತ್ತೇವೆ, ಮನೆಯವರು ಓದಲಿ. ಭಯಕ್ಕೆ ಉಸಿರು ಜೋರಾಗುತ್ತದೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಬೆರಳ ತುದಿ, ತುಟಿಯ ಸುತ್ತ ಜುಮುಜುಮು, ತಲೆ ತಿರುಗು. ಅದನ್ನು ಕಂಡು ‘ಸತ್ತೇ ಹೋಗ್ತೀನಿ’ ಎಂಬ ಭಯ, ಉಸಿರು ಇನ್ನೂ ಜೋರು. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ. ಸುತ್ತ ನಿಂತವರು ‘ಜೋರಾಗಿ ಉಸಿರು ಎಳ್ಕೊ’ ಎನ್ನುತ್ತಾರೆ, ಎಳೆದಷ್ಟೂ ಜುಮುಜುಮು ಹೆಚ್ಚು. ಬೇಕಾದದ್ದು ಬಿಡುವ ಉಸಿರು ಉದ್ದವಾಗುವುದು: ಮೂಗಿನಿಂದ ನಾಲ್ಕು ಎಣಿಸುವಷ್ಟು ಮೆಲ್ಲಗೆ ಒಳಗೆ, ಆರು ಎಣಿಸುವಷ್ಟು ಹೊರಗೆ, ಹೊಟ್ಟೆಯ ಮೇಲೆ ಒಂದು ಕೈ. ದಿನಕ್ಕೆರಡು ಸಲ ಐದೈದು ನಿಮಿಷ, ಅದೂ ಮನಸ್ಸು ತಣ್ಣಗಿರುವಾಗ. ಗಾಬರಿ ಬಂದಾಗಲೇ ಮೊದಲ ಸಲ ಪ್ರಯೋಗ ಮಾಡಿದವರಿಗೆ ಇದು ಕೈಕೊಡುತ್ತದೆ. ಎದೆನೋವು ಹೊಸದಾಗಿ ಬಂದಿದ್ದರೆ, ಕೈಗೋ ದವಡೆಗೋ ಹರಿದರೆ ಎಣಿಸುತ್ತ ಕೂರಬೇಡಿ, ಆಸ್ಪತ್ರೆಗೆ ಓಡಿ.

ಈಗ ಬಸ್ ಕಂಡಕ್ಟರುಗಳಿಗೆ ಧನ್ಯವಾದ. ಇವರಿಗೇಕೆ ಎನ್ನಬಹುದು. ಒಮ್ಮೆ ಬಸ್ಸಿನಲ್ಲಿ ಗಾಬರಿಯಾದವರು ಬಸ್ಸು ಬಿಡುತ್ತಾರೆ, ಆಮೇಲೆ ಸಂತೆ, ಆಮೇಲೆ ತವರು. ಇದನ್ನು ಬಿಡಿಸಲು ಮೆಟ್ಟಿಲು ಕಟ್ಟಬೇಕು. ಬಸ್ ನಿಲ್ದಾಣದಲ್ಲಿ ಸುಮ್ಮನೆ ನಿಲ್ಲುವುದು ಮೊದಲ ಮೆಟ್ಟಿಲು. ನಿಂತ ಬಸ್ಸಿಗೆ ಹತ್ತಿ ಕೂರುವುದು, ಜೊತೆಯವರೊಂದಿಗೆ ಒಂದು ಸ್ಟಾಪು, ಒಬ್ಬರೇ ಒಂದು ಸ್ಟಾಪು, ಕೊನೆಗೆ ನೂಕುನುಗ್ಗಲಿನ ಹೊತ್ತಿನಲ್ಲಿ ಚಿಕ್ಕಬಳ್ಳಾಪುರದವರೆಗೆ. ಒಂದೊಂದು ಮೆಟ್ಟಿಲನ್ನೂ ಭಯ ಅರ್ಧಕ್ಕಿಳಿಯುವವರೆಗೆ, ಅದು ಸಪ್ಪೆಯೆನಿಸುವವರೆಗೆ ಮತ್ತೆ ಮತ್ತೆ ಹತ್ತಬೇಕು. ಭಯ ತುದಿಯಲ್ಲಿರುವಾಗಲೇ ಇಳಿದುಬಿಟ್ಟರೆ ‘ಇಳಿದಿದ್ದಕ್ಕೇ ಬದುಕಿದೆ’ ಎಂದು ಮೈ ಕಲಿತುಕೊಳ್ಳುತ್ತದೆ. ಇಷ್ಟು ಸಲ ಟಿಕೆಟ್ಟಿಗೆ ದುಡ್ಡು ಕೇಳಿದರೆ ಮನೆಯಲ್ಲಿ ಯಾರು ಕೊಡುತ್ತಾರೆ? 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ಆ ಅಭ್ಯಾಸ ಪುಕ್ಕಟೆಯಾಯಿತು. ಖಾಸಗಿ ಬಸ್ಸೇ ಓಡುವ ಊರುಗಳವರಿಗೆ ಆ ಅನುಕೂಲ ಇಲ್ಲ ಎಂಬುದು ಬೇಸರದ ಸಂಗತಿ. ಒಂದೇ ಸ್ಟಾಪಿಗೆ ಹತ್ತಿ ಇಳಿಯುವವರಿಗೆ ಮುಖ ಸಿಂಡರಿಸದೆ ಶೂನ್ಯ ಟಿಕೆಟ್ ಹರಿದುಕೊಟ್ಟ ಕಂಡಕ್ಟರುಗಳಿಗೆ ತಾವು ಚಿಕಿತ್ಸೆಯಲ್ಲಿ ಪಾಲುದಾರರು ಎಂಬುದು ಗೊತ್ತೇ ಇರಲಿಕ್ಕಿಲ್ಲ.

ಅಕ್ಷರ ಬಾರದ ಹಿರಿಯ ಹೆಂಗಸರಿಂದ ನಾವು ಪಡೆದದ್ದು ಹುಣಸೆಬೀಜ. ಚಿಂತೆಗೆ ದಿನಕ್ಕೆ ಇಪ್ಪತ್ತು ನಿಮಿಷ ಗೊತ್ತು ಮಾಡಿ, ಉಳಿದ ಹೊತ್ತಿನಲ್ಲಿ ಬಂದದ್ದನ್ನು ಬರೆದಿಟ್ಟು ಆ ಹೊತ್ತಿಗೆ ಮುಂದೂಡುವುದು ಪುಸ್ತಕದ ವಿಧಾನ. ಬರೆಯಲು ಬಾರದವರು ಚಿಂತೆಗೊಂದು ಬೀಜ ಸೆರಗಿನಲ್ಲಿ ಗಂಟು ಹಾಕಿಕೊಂಡರು. ಸಂಜೆ ಹಾಲು ಹಾಕಿ ಬಂದು, ಒಲೆ ಹಚ್ಚುವ ಮುಂಚೆ ಬಿಚ್ಚಿ ಎರಡು ಗುಡ್ಡೆ: ಕೈಲಾಗುವುದು, ಕೈಲಾಗದ್ದು. ಮೊದಲ ಗುಡ್ಡೆಯಿಂದ ಒಂದನ್ನು ಎತ್ತಿ ನಾಳೆ ಏನು ಮಾಡುವುದೆಂದು ನಿಶ್ಚಯಿಸಿ ಎದ್ದುಬಿಡುವುದು. ಮಲಗುವ ಹೊತ್ತಿಗೆ ಇದನ್ನು ಇಟ್ಟುಕೊಂಡವರಿಗೆ ಇದ್ದ ನಿದ್ದೆಯೂ ಹೋಯಿತು, ಆ ತಪ್ಪು ಮಾಡಬೇಡಿ.

ಎಲ್ಲ ಚಿಂತೆಯೂ ಬೀಜದ ಲೆಕ್ಕಕ್ಕೆ ಸಿಗುವುದಿಲ್ಲ. ಸಾಲದವನು ಬಾಗಿಲಲ್ಲಿ ನಿಂತಿರುವಾಗ ಉಸಿರಾಟದ ಅಭ್ಯಾಸ ಹೇಳಿಕೊಡುವುದು ಕ್ರೂರ ತಮಾಷೆ. ಕಿರುಸಾಲ ವಸೂಲಿಯ ದೌರ್ಜನ್ಯ ತಡೆಯಲು ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂದಿದೆ, ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಇದನ್ನು ಕೂತು ವಿವರಿಸಿದ ವಕೀಲರಿಗೆ ವಂದನೆ. ಹೊಡೆತ ಇರುವ ಮನೆಯ ಗಂಡ-ಹೆಂಡತಿಯನ್ನು ಒಟ್ಟಿಗೆ ಕೂರಿಸಿ ರಾಜಿ ಮಾಡಿಸಬೇಡಿ ಎಂದು ಪಟ್ಟು ಹಿಡಿದವರೂ ಅವರೇ. ಕೋಣೆಯಲ್ಲಿ ಆಕೆ ಆಡಿದ ಮಾತಿಗೆ ರಾತ್ರಿ ಮನೆಯಲ್ಲಿ ಪೆಟ್ಟು ಬೀಳುತ್ತದೆ. ಇಂಥಲ್ಲಿ ಮಹಿಳಾ ಸಹಾಯವಾಣಿ 181ಕ್ಕೆ ಫೋನು ಮಾಡಿ, ತುರ್ತಾದರೆ 112ಕ್ಕೆ.

‘ಸಾಯಬೇಕು ಅನ್ನಿಸುತ್ತಾ?’ ಎಂದು ನೇರವಾಗಿ ಕೇಳಿದ ಅಕ್ಕತಂಗಿಯರಿಗೆ, ಗೆಳತಿಯರಿಗೆ ವಿಶೇಷ ನಮನ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬುದು ತಪ್ಪು ತಿಳಿವಳಿಕೆ. ಹೌದು ಎಂದವರನ್ನು ಒಂಟಿಯಾಗಿ ಬಿಡದೆ, ಹೊಲಕ್ಕೆ ಹೊಡೆಯುವ ಔಷಧಿಯನ್ನು ಮನೆಯಿಂದಾಚೆ ಬೀಗ ಹಾಕಿಸಿ, 14416ಕ್ಕೆ ಫೋನು ಹಚ್ಚಿಕೊಟ್ಟರು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಅದು. ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲಿ ಮಾತಾಡುತ್ತಾರೆ. ಮನೆಗೊಂದೇ ಫೋನಿದ್ದು ಕರೆಯ ಪಟ್ಟಿಯನ್ನು ಗಂಡ ನೋಡುತ್ತಾನೆಂಬ ಭಯವಿದ್ದರೆ ಪಕ್ಕದ ಮನೆಯ ಫೋನಿನಿಂದ ಮಾಡಿ. ಬಾಣಂತಿಯರ ಅಳುವನ್ನು ಎರಡು ವಾರ ನೋಡಬಹುದು, ಅದರಾಚೆಗೂ ಮುಂದುವರಿದರೆ ‘ಹಸಿಮೈ, ಹಾಗೇ ಇರುತ್ತೆ’ ಎಂದು ತಳ್ಳಿಹಾಕಬೇಡಿ.

ಚೀಟಿಯಿಲ್ಲದೆ ನಿದ್ದೆಮಾತ್ರೆ ಕೊಡಲೊಪ್ಪದೆ ಗಿರಾಕಿ ಕಳೆದುಕೊಂಡ ಔಷಧಿ ಅಂಗಡಿಯವರೇ, ನಿಮಗೂ. ಆಲ್ಪ್ರಜೋಲಾಂನಂಥ ಮಾತ್ರೆ ಅಂದೇ ಆರಾಮ ಕೊಡುತ್ತದೆ, ಕೆಲವೇ ವಾರಗಳಲ್ಲಿ ಚಟವಾಗುತ್ತದೆ, ತಟ್ಟನೆ ಬಿಟ್ಟರೆ ಗಾಬರಿ ಇಮ್ಮಡಿ. ಮನೋವೈದ್ಯರು ಆತಂಕಕ್ಕೆ ಸಾಮಾನ್ಯವಾಗಿ ಬರೆದುಕೊಡುವ ಇನ್ನೊಂದು ಬಗೆಯ ಮಾತ್ರೆ ಪರಿಣಾಮ ತೋರಲು ಎರಡರಿಂದ ನಾಲ್ಕು ವಾರ ಬೇಕು, ಮೊದಲ ವಾರ ಹೊಟ್ಟೆ ತೊಳೆಸಿ ಚಡಪಡಿಕೆ ಹೆಚ್ಚಲೂಬಹುದು. ಆ ವಾರದಲ್ಲೇ ಎಷ್ಟೋ ಜನ ಮಾತ್ರೆಯನ್ನು ತಿಪ್ಪೆಗೆಸೆಯುತ್ತಾರೆ. ಮಾತ್ರೆ ಕೊಡುವಾಗಲೇ ಇಷ್ಟನ್ನು ಹೇಳಿ ಕಳಿಸಿದಿರಿ.

ಹಾಲಿನ ಕ್ಯಾನು ತಾವೇ ಹೊತ್ತ ಗಂಡಂದಿರು, ಎರಡು ಗಂಟೆ ಮೊಮ್ಮಗುವನ್ನು ನೋಡಿಕೊಂಡ ಅತ್ತೆಯರು ಇದ್ದಾರೆ. ಇನ್ನೊಂದು ಮಾತು ಅವರಿಗೆ: ಭಯ ಅಂತ ಎಲ್ಲ ಕೆಲಸವನ್ನೂ ನೀವೇ ಮಾಡಬೇಡಿ, ಆಕೆ ಮಾಡುವಾಗ ಜೊತೆಗಿರಿ.

ಎರಡು ಸಲ ಬಂದು ನಿಲ್ಲಿಸಿದವರಿಗೂ ಧನ್ಯವಾದ, ಯಾಕೆಂದು ಹೇಳಿದ್ದಕ್ಕೆ. ಕಿಟಕಿ ರಸ್ತೆಗೆ ತೆರೆದಿತ್ತು, ಪರದೆ ಬಂತು. ಕೂಸನ್ನು ಎಲ್ಲಿ ಮಲಗಿಸುವುದು ಎಂದರು. ಪಕ್ಕದ ಬಡಗಿ ತೊಲೆಗೆ ಕಬ್ಬಿಣದ ಕೊಂಡಿ ಬಡಿದು, ತಾವೇ ಜೋತುಬಿದ್ದು ಭಾರ ನೋಡಿ, ಸೀರೆಯ ತೊಟ್ಟಿಲು ಕಟ್ಟುವ ಹಾಗೆ ಮಾಡಿಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಈಗ ಬಾಣಂತಿಯರಿಬ್ಬರು ಒಂದೇ ಹೊತ್ತಿಗೆ ಬರುತ್ತಾರೆ, ಒಂದು ಕೊಂಡಿ ಸಾಲದು. ಇನ್ನೊಂದನ್ನು ಬರುವ ವಾರ ಬಡಿದುಕೊಡುತ್ತಾರಂತೆ. ಅದಕ್ಕೂ ಈಗಲೇ ಥ್ಯಾಂಕ್ಸ್ ಹೇಳಿಬಿಟ್ಟಿದ್ದೇವೆ.