ಮಗಳಿಗೊಂದು ಪತ್ರ: ಸಿಪಿಲೆ ಇನ್ನೂ ಹೋಗಿಲ್ಲ

ಮೈಸೂರು
ಮಾರ್ಚ್ 9

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ವಿಡಿಯೋ ಹತ್ತು ಸಲ ನೋಡಿದೆ. ಮೊದಲ ಸಲ ನಿನ್ನ ಕೆಮ್ಮು ಕೇಳಿಸಿತು, ಹಕ್ಕಿ ಕೇಳಿಸಲಿಲ್ಲ. ಕಷಾಯ ಮಾಡಿಕೊಂಡೆಯಾ? ಎರಡನೇ ಸಲಕ್ಕೆ ಹಕ್ಕಿ ಕಂಡಿತು. ಕೆರೆ ಅಂಚಲ್ಲಿ ಇನ್ನೂ ಹಿಮ, ಒಣಗಿ ನಿಂತ ಜೊಂಡು, ಅದರ ತುದಿಯಲ್ಲಿ ಕರ್ರಗೆ ಒಂದು ಹಕ್ಕಿ. ಭುಜದ ಮೇಲೆ ಯಾರೋ ಕುಂಕುಮದ ಬೆರಳು ಒರೆಸಿದ ಹಾಗೆ ಕೆಂಪು. ಕೂಗು ಮಾತ್ರ ಎಣ್ಣೆ ಕಾಣದ ಗೇಟಿನ ಹಾಗಿದೆ.

"ಅಮ್ಮಾ, ಇಲ್ಲಿ ಹಕ್ಕಿಗಳು ವಾಪಸ್ ಬರ್ತಿವೆ. ಅಲ್ಲಿ?" ಅಂತ ಕೇಳಿದ್ದೀಯ. ಫೋನಲ್ಲಿ ಹೇಳೋಣ ಅಂದ್ರೆ ನಿಮ್ಮಪ್ಪ ಮಧ್ಯೆ ಬಾಯಿ ಹಾಕುತ್ತಾರೆ. ಅದಕ್ಕೇ ಬರೆಯೋಕೆ ಕೂತೆ.

ಇಲ್ಲಿ ಈಗ ಬರುವ ಕಾಲ ಅಲ್ಲ ಕಣೇ, ಹೊರಡುವ ಕಾಲ. ಕೆನಡಾದ ನಿನ್ನ ವಾಟರ್‌ಲೂನಲ್ಲಿ ಬೇಸಿಗೆಯ ಹಗಲಿಗೂ ಚಳಿಗಾಲದ ಹಗಲಿಗೂ ಆರು ಗಂಟೆಗಿಂತ ಜಾಸ್ತಿ ವ್ಯತ್ಯಾಸ. ನಮ್ಮಲ್ಲಿ ಸುಮಾರು ಒಂದೂವರೆ ಗಂಟೆ, ಅಷ್ಟೇ. ನಮಗೆ ಅದು ಗೊತ್ತೇ ಆಗಲ್ಲ. ಹಕ್ಕಿಗೆ ಗೊತ್ತಾಗುತ್ತದೆ. ಹಗಲು ಒಂಚೂರು ಉದ್ದವಾದರೆ ಸಾಕು, ಅದರ ಮೈಯೊಳಗೆ ಏನೋ ಶುರುವಾಗುತ್ತದೆ. ಜಾಸ್ತಿ ತಿನ್ನುತ್ತದೆ, ಕೊಬ್ಬು ಕಟ್ಟಿಕೊಳ್ಳುತ್ತದೆ, ಕೆಲವು ಪುಕ್ಕದ ಬಣ್ಣವನ್ನೇ ಬದಲಾಯಿಸುತ್ತವೆ. ಆಮೇಲೆ ಒಂದು ದಿನ ಇರಲ್ಲ.

ಈ "ಒಂದು ದಿನ ಇರಲ್ಲ" ಅನ್ನೋದೇ ನನಗೆ ತಲೆನೋವಾಗಿರೋದು. ನನ್ನ ಹಕ್ಕಿ ಪುಸ್ತಕದಲ್ಲಿ ಎರಡು ಕಾಲಂ ಮಾಡಿದ್ದೇನಲ್ಲ, ಮೊದಲು ಕಂಡ ದಿನ, ಕೊನೆಗೆ ಕಂಡ ದಿನ ಅಂತ. ಮೊದಲನೆಯದು ಬರೆಯೋದು ಸಲೀಸು. ಕಂಡಿತು, ಬರೆದೆ. ಎರಡನೆಯದನ್ನು ಹೇಗೆ ಬರೆಯೋದು ಹೇಳು? ಇವತ್ತು ಕಂಡಾಗ ಇದೇ ಕೊನೆ ಅಂತ ಯಾರು ಹೇಳುತ್ತಾರೆ? ದಿನಾ ನೋಡಬೇಕು. ಒಂದು ವಾರ ಕಾಣದೇ ಹೋದರೆ ಪುಟ ತಿರುವಿ, ಓಹೋ ಹೋದ ಮಂಗಳವಾರ ನೋಡಿದ್ದೇ ಕೊನೆ ಅಂತ ಬರೆಯಬೇಕು. ಆವತ್ತು ನಾನು ಸರಿಯಾಗಿ ನೋಡಿರುವುದೂ ಇಲ್ಲ, ಒಲೆ ಮೇಲೆ ಹಾಲಿಟ್ಟು ಬಂದಿರುತ್ತೇನೆ.

ಟೆರೇಸಿನ ಸಿಪಿಲೆ ಕಥೆ ಕೇಳು. ಸಿಂಟೆಕ್ಸ್ ಟ್ಯಾಂಕ್ ಹತ್ತಿರ ಪೈಪ್ ಸೋರಿ ಒಂದು ಮೂಲೆ ಯಾವಾಗಲೂ ಒದ್ದೆ. ಪಾಚಿ ಕಟ್ಟಿದೆ, ಸಣ್ಣ ಸಣ್ಣ ನೊಣ ಏಳುತ್ತವೆ. ಸೆಪ್ಟೆಂಬರ್ ಕೊನೆಯಿಂದ ಒಂದು ಬೂದು ಸಿಪಿಲೆ ಆ ಮೂಲೆಯನ್ನು ತನ್ನ ಹೆಸರಿಗೆ ಬರೆಸಿಕೊಂಡಿದೆ. ಬೆನ್ನು ಬೂದಿ ಬಣ್ಣ, ಹೊಟ್ಟೆ ಹಳದಿ, ದೇಹಕ್ಕಿಂತ ಬಾಲವೇ ಉದ್ದ ಅನ್ನಿಸುತ್ತದೆ. ಒಂದು ನಿಮಿಷ ಬಾಲ ಸುಮ್ನೆ ಇರಲ್ಲ, ಮೇಲೆ ಕೆಳಗೆ, ಮೇಲೆ ಕೆಳಗೆ. ನಿಮ್ಮಪ್ಪ ಅದನ್ನು ಕುಂಡೆಕುಸ್ಕ ಅಂತಲೇ ಕರೆಯೋದು. ಮಲೆನಾಡಿನ ಕಡೆ ಹಾಗೇ ಹೇಳುತ್ತಾರಂತೆ, ನೆಂಟರ ಮುಂದೆಯೂ ಹಾಗೇ ಹೇಳುತ್ತಾರೆ, ನನಗೆ ಮುಜುಗರ.

ಅದು ಮೊಟ್ಟೆ ಇಡೋದು ಹಿಮಾಲಯದಲ್ಲೋ ಅದರಾಚೆಯೋ, ಕಲ್ಲಿನ ಮೇಲೆ ಹರಿಯುವ ತೊರೆಯ ಪಕ್ಕ. ಚಳಿಗಾಲಕ್ಕೆ ಅದಕ್ಕೆ ಸಿಕ್ಕಿದ ತೊರೆ ನಮ್ಮ ಟ್ಯಾಂಕಿನ ಸೋರಿಕೆ! ಹೋದ ತಿಂಗಳು 26ರಿಂದ ಕಾಣಲಿಲ್ಲ. ಹೋಯಿತು ಅಂದುಕೊಂಡು 25 ಅಂತ ಬರೆದೆ. ಈ ತಿಂಗಳು 4ಕ್ಕೆ ಬಟ್ಟೆ ಒಣಹಾಕೋಕೆ ಹೋದರೆ ಅಲ್ಲೇ ಇದೆ, ಬಾಲ ಕುಣಿಸಿಕೊಂಡು. ಬರೆದಿದ್ದ ತಾರೀಖಿನ ಮೇಲೆ ಗೀಟು ಎಳೆದೆ. ಹತ್ತಿರದಿಂದ ಬೈನಾಕ್ಯುಲರ್ ಹಿಡಿದರೆ ಗಂಟಲಲ್ಲಿ ಕಪ್ಪು ಕಪ್ಪು ಚುಕ್ಕಿ. ಮಸಿ ಕೈಯಲ್ಲಿ ಮುಟ್ಟಿದ ಹಾಗೆ. ಬೇಸಿಗೆಗೆ ಗಂಡಿನ ಗಂಟಲು ಪೂರ್ತಿ ಕಪ್ಪಾಗುತ್ತದೆ, ಅದು ಶುರುವಾಗಿದೆ. ಆರು ತಿಂಗಳಿಂದ "ಬಂದಳು, ಹೋದಳು" ಅಂತಿದ್ದೆ. ಗಂಡಂತೆ.

ಪ್ಲಂಬರ್ ಬಂದಿದ್ದ. ಸೋರೋದು ರಿಪೇರಿ ಮಾಡಿಸೋಣ ಅಂತ ನಿಮ್ಮಪ್ಪ ಕರೆಸಿದ್ದರು. ಏಪ್ರಿಲ್ ಕೊನೆಗೆ ಬಾರಪ್ಪ ಅಂತ ಕಳಿಸಿದೆ. ನೀರು ಪೋಲು ಅನ್ನೋದು ನನಗೂ ಗೊತ್ತು. ಕೆಳಗೆ ಬಕೆಟ್ ಇಟ್ಟು ಗಿಡಕ್ಕೆ ಹಾಕುತ್ತಿದ್ದೇನೆ, ಬೈಯಬೇಡ.

ಉಳಿದವೂ ಗಂಟು ಮೂಟೆ ಕಟ್ಟುತ್ತಿವೆ. ಹದಿನಾರು ಅನ್ನೋ ಊರಿನ ಕೆರೆಗೆ ಜನವರಿಯಲ್ಲಿ ಹೋಗಿದ್ದಾಗ ಪಟ್ಟೆತಲೆ ಹೆಬ್ಬಾತುಗಳು ನೀರಂಚಲ್ಲಿ ಸಾಲಾಗಿ ಕೂತಿದ್ದವು. ಬಿಳಿ ತಲೆ ಮೇಲೆ ಎರಡು ಕಪ್ಪು ಪಟ್ಟೆ. ಹಗಲೆಲ್ಲ ಕೆರೆಯಲ್ಲಿ ತೂಕಡಿಸುತ್ತವೆ, ಕತ್ತಲಾದರೆ ಗದ್ದೆಗೆ ಮೇಯೋಕೆ. ಇವು ಮಂಗೋಲಿಯಾ, ಟಿಬೆಟ್ ಕಡೆಯವು, ಹಿಮಾಲಯ ಹಾರಿ ದಾಟಿ ಬರುತ್ತವೆ. ಬೆನ್ನಿಗೆ ಯಂತ್ರ ಕಟ್ಟಿ ನೋಡಿದಾಗ 7000 ಮೀಟರಿಗೂ ಮೇಲೆ ಹಾರಿದ್ದು ಸಿಕ್ಕಿದೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗೇ ನನಗೆ ಏದುಸಿರು. ಅವುಗಳ ರಕ್ತವೇ ಬೇರೆ ಥರ, ತೆಳು ಗಾಳಿಯಲ್ಲೂ ಆಮ್ಲಜನಕ ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಮೊನ್ನೆ ಮತ್ತೆ ಹೋದೆವು. ಖಾಲಿ. ನಾಲ್ಕು ಬೆಳ್ಳಕ್ಕಿ, ಒಂದು ಎಮ್ಮೆ.

ಗುಲಾಬಿ ಕಬ್ಬಕ್ಕಿಗಳು ಇನ್ನೂ ಇವೆ. ರಸ್ತೆ ತಿರುವಿನ ಬೂರುಗದ ಮರ ಎಲೆ ಉದುರಿಸಿ ಬರೀ ಕೆಂಪು ಹೂ ಬಿಟ್ಟಿದೆ, ಅದರಲ್ಲಿ ಸಂತೆ ಸೇರಿದ ಹಾಗೆ ಗಲಾಟೆ. ಹೂವಿನೊಳಗೆ ಮುಖ ತೂರಿಸಿ ತೂರಿಸಿ ಹಣೆಗೆಲ್ಲ ಹಳದಿ ಪುಡಿ ಮೆತ್ತಿಕೊಂಡಿರುತ್ತವೆ. ಏಪ್ರಿಲ್ ಹೊತ್ತಿಗೆ ಅವೂ ಮಧ್ಯ ಏಷ್ಯಾ ಕಡೆ. ಅಲ್ಲಿ ಮಿಡತೆ ಏಳುವ ಹೊತ್ತಿಗೆ ಮರಿ ಮಾಡುತ್ತವೆ.

ಕೋಗಿಲೆ ಬಂತಲ್ಲ ಅಂತ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್‌ನವರು ದಿನಾ ಹೇಳುತ್ತಾರೆ. ಅದು ಎಲ್ಲಿಗೂ ಹೋಗಿರಲಿಲ್ಲ. ಚಳಿಗಾಲ ಪೂರ್ತಿ ಇಲ್ಲೇ ಬಾಯಿ ಮುಚ್ಚಿಕೊಂಡು ಕೂತಿತ್ತು. ಒಂದೆರಡು ಸಲ ಹೇಳಿದೆ. ಅವರಿಗೆ ಶುಗರ್ ಎಷ್ಟು ಬಂತು ಅನ್ನೋದರ ಮಧ್ಯೆ ನನ್ನ ಕೋಗಿಲೆ ಯಾರಿಗೆ ಬೇಕು.

ನೀನು ಕೇಳಿದ್ದು ಬರೋ ಹಕ್ಕಿ ಅಲ್ವಾ? ಅದೂ ಇದೆ. ಶ್ರೀರಂಗಪಟ್ಟಣದ ಹತ್ತಿರ ನಗುವನಹಳ್ಳಿ. ಎಲ್ಲರೂ ರಂಗನತಿಟ್ಟಿಗೆ ಹೋಗಿ ದೋಣಿ ಹತ್ತಿ ಮೊಸಳೆ ನೋಡಿ ಬರುತ್ತಾರೆ. ನಾನು ಬೇಡ ಅನ್ನಲ್ಲ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇಲೆ ಪಕ್ಷಿಧಾಮ ಆದ ಜಾಗ, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಜಾಗಗಳ ರಾಮ್ಸರ್ ಪಟ್ಟಿಗೂ ಸೇರಿತು. ಆದರೆ ಈ ತಿಂಗಳಲ್ಲಿ ನನ್ನ ಓಟು ನಗುವನಹಳ್ಳಿಗೇ. ನೀಲಿಬಾಲದ ಕಳ್ಳಿಪೀರಗಳು ಅಲ್ಲಿಗೆ ಮರಿ ಮಾಡೋಕೆ ಬರುತ್ತವೆ.

ಬೆಳಿಗ್ಗೆ ಏಳಕ್ಕೆ ಅಲ್ಲಿದ್ದೆವು. ನಿಮ್ಮಪ್ಪ ಕಾರಲ್ಲೇ ಪೇಪರ್ ಹಿಡಿದು ಕೂತರು. ಮಣ್ಣಿನ ದಿಬ್ಬ, ಗೋಡೆಯ ಹಾಗೆ ನೆಟ್ಟಗೆ ಕಡಿದ ಬದಿ, ಅದರ ತುಂಬ ಸೌಟಿನ ಬಾಯಷ್ಟಗಲದ ತೂತು. ಒಂದು ತೂತಿನಿಂದ ಪುಸ್ ಪುಸ್ ಅಂತ ಮಣ್ಣು ಹೊರಗೆ ಚಿಮ್ಮುತ್ತಿತ್ತು. ಹಕ್ಕಿ ಕಾಣಲ್ಲ, ಬರೀ ಮಣ್ಣು. ಕೊಕ್ಕಲ್ಲಿ ಅಗೆದು ಕಾಲಲ್ಲಿ ಹಿಂದಕ್ಕೆ ಒದೆಯುತ್ತದೆ, ನಾಯಿ ಅಗೆಯುವ ಹಾಗೆ. ಸ್ವಲ್ಪ ಹೊತ್ತಿಗೆ ಹಿಮ್ಮುಖವಾಗಿ ಬಂತು. ಮೊದಲು ನೀಲಿ ಬಾಲ, ಅದರ ಮಧ್ಯದಿಂದ ಸೂಜಿಯ ಹಾಗೆ ಎರಡು ಗರಿ, ಆಮೇಲೆ ಹಸಿರು ಬೆನ್ನು, ಕೊನೆಗೆ ಮಣ್ಣು ಮೆತ್ತಿದ ಮುಖ. ಕಣ್ಣು ದಾಳಿಂಬೆ ಕಾಳಿನ ಕೆಂಪು. ತಲೆ ಕೊಡವಿ ಮತ್ತೆ ಒಳಗೆ ಹೋಯಿತು. ಹೀಗೆ ಒಂದು ಮೀಟರಿಗೂ ಉದ್ದ ಕೊರೆದು ಕೊನೆಯಲ್ಲಿ ಕೋಣೆ ಮಾಡುತ್ತವೆ. ಗಂಡು ಹೆಣ್ಣು ಇಬ್ಬರೂ ಪಾಳಿಯಲ್ಲಿ. ಈ ಮಾತನ್ನು ನಿಮ್ಮಪ್ಪನಿಗೆ ಕೇಳುವ ಹಾಗೆ ಜೋರಾಗಿ ಹೇಳಿದೆ. ಪೇಪರ್ ಪುಟ ತಿರುವಿದ ಸದ್ದು ಬಂತು.

ಕರೆಂಟ್ ತಂತಿ ಮೇಲೆ ಇನ್ನೊಂದು ಜೇನುಹುಳ ಹಿಡಿದು ಕೂತಿತ್ತು. ಟಕ್ ಟಕ್ ಅಂತ ತಂತಿಗೆ ಬಡಿದು, ಹುಳದ ಹಿಂಭಾಗ ಉಜ್ಜಿ ಮುಳ್ಳು ತೆಗೆದು, ಆಮೇಲೆ ಮೇಲಕ್ಕೆ ಎಸೆದು ನುಂಗಿತು. ನಾವು ನುಗ್ಗೆಕಾಯಿ ತಿನ್ನುವುದಕ್ಕಿಂತ ನಾಜೂಕು.

ಒಂದು ಬೇಜಾರಿನ ಸಂಗತಿ. ಕಳೆದ ವರ್ಷ ನದಿ ಬದಿಯ ಇನ್ನೊಂದು ಕಡೆ ಹೀಗೇ ತೂತುಗಳಿದ್ದ ಒಂದು ದಿಬ್ಬ ನೋಡಿಟ್ಟುಕೊಂಡಿದ್ದೆ. ಈ ಸಲ ಹೋದರೆ ಅರ್ಧ ಇಲ್ಲ. ಜೆಸಿಬಿ ಹಲ್ಲಿನ ಗೆರೆ ಇನ್ನೂ ಹಸಿಯಾಗಿದೆ. ವಿಚಿತ್ರ ಏನು ಗೊತ್ತಾ, ಮನುಷ್ಯ ಮಣ್ಣು ತೆಗೆದು ನೆಟ್ಟಗೆ ಕಡಿದ ಬದಿಯೇ ಇವಕ್ಕೆ ಇಷ್ಟ. ಹಾವು ಹತ್ತಲಾಗದ ಗೋಡೆ. ಬಗೆಯೋದನ್ನು ಅಕ್ಟೋಬರಿನಲ್ಲಿ ಮಾಡಿದ್ದರೆ ಉಪಕಾರವೇ ಆಗುತ್ತಿತ್ತು. ಮಾರ್ಚಿನಲ್ಲಿ ಮಾಡಿದ್ದಾರೆ. ಅಲ್ಲಿದ್ದ ಒಬ್ಬರನ್ನು ಕೇಳಿದೆ. "ಹಕ್ಕಿನಾ? ಇಲಿ ಬಿಲ ಅಂದ್ಕೊಂಡಿದ್ವಿ ಮೇಡಂ" ಅಂದರು. ಸುಳ್ಳು ಹೇಳಿದ ಹಾಗೆ ಕಾಣಲಿಲ್ಲ. ಅದಕ್ಕೇ ಇನ್ನೂ ಬೇಜಾರು.

ಆ ಬೇಜಾರಲ್ಲೇ ನಿನ್ನೆ ಭಾನುವಾರ ಕೊಕ್ಕರೆ ಬೆಳ್ಳೂರಿಗೆ ಹೊರಟಿದ್ದು. ಹೊಸ ಹೆದ್ದಾರಿಯಲ್ಲಿ ಹೋದರೆ ಮದ್ದೂರೇ ಸಿಗಲ್ಲ ಅಂತ ನಿಮ್ಮಪ್ಪ ಹಳೇ ರಸ್ತೆ ಹಿಡಿದರು. ಮೂರು ವಡೆ ತಿಂದರು. ಎರಡು ಅಂತ ನಿನಗೆ ಹೇಳುತ್ತಾರೆ, ನಂಬಬೇಡ.

ನೀನು ನಾಲ್ಕನೇ ಕ್ಲಾಸಲ್ಲಿದ್ದಾಗ ಹೋಗಿದ್ದೆವು, ಮೂಗು ಮುಚ್ಚಿಕೊಂಡು ಕಾರಿಂದ ಇಳಿಯಲೇ ಇಲ್ಲ ನೀನು. ವಾಸನೆ ಈಗಲೂ ಹಾಗೇ ಇದೆ. ಮನೆಗಳ ಮಧ್ಯದ ಹುಣಸೆ ಮರದ ತುಂಬ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ (ಅದೇ ಪೆಲಿಕನ್). ಹೆಂಚಿನ ಮೇಲೆ, ಹಟ್ಟಿ ಮೇಲೆ, ನಿಲ್ಲಿಸಿದ ಬೈಕ್ ಮೇಲೆ ಎಲ್ಲಾ ಬಿಳಿ ಬಿಳಿ. ಅದನ್ನೇ ಕೂಡಿಸಿ ಗೊಬ್ಬರ ಮಾಡುತ್ತಾರೆ. ಮೇಲೆ ಒಂದು ಹೆಜ್ಜಾರ್ಲೆ ಮರಿ ತಾಯಿಯ ಗಂಟಲ ಚೀಲದೊಳಗೆ ತಲೆ ಪೂರ್ತಿ ತೂರಿಸಿ ಮೀನು ಹುಡುಕುತ್ತಿತ್ತು. ಹೊರಗೆ ಕತ್ತಿನಿಂದ ಕೆಳಗಿನದು ಮಾತ್ರ ಕಾಣುತ್ತದೆ. ತಾಯಿ ಕಣ್ಣು ಮುಚ್ಚಿಕೊಂಡು ಸಹಿಸುತ್ತಿತ್ತು.

2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಅಂತ ಮಾಡಿತು. ಅದಕ್ಕೆ ಎಷ್ಟೋ ಮುಂಚೆಯಿಂದ ಊರವರೇ ನೋಡಿಕೊಂಡು ಬಂದಿದ್ದಾರೆ. ಹೆಜ್ಜಾರ್ಲೆ ಬಳಗ ಅಂತ ಇದೆ. ಗೂಡಿಂದ ಬಿದ್ದ ಮರಿಗಳನ್ನು ಎತ್ತಿ ತಂದು ಮೀನು ಹಾಕಿ ಸಾಕುತ್ತಾರೆ. ಹಕ್ಕಿ ಗೂಡು ಕಟ್ಟಿದ ಮರದ ಹುಣಸೆ ಇಳಿಸಲ್ಲ. ಮರಗಳು ಕಡಿಮೆಯಾದವು ಅನ್ನೋ ಕೊರಗು ಮಾತ್ರ ಸಿಕ್ಕವರೆಲ್ಲ ಹೇಳಿಕೊಂಡರು.

ಜಗಲಿ ಮೇಲೆ ಅವರೆಕಾಳು ಬಿಡಿಸುತ್ತಿದ್ದ ಒಬ್ಬ ಅಜ್ಜಿ ಪಕ್ಕ ಕೂತೆ. ಮೇಲಿಂದ ಒಂದೇ ಸಮ ಗದ್ದಲ. ಇಷ್ಟು ಗಲಾಟೆಯಲ್ಲಿ ನಿದ್ದೆ ಬರುತ್ತಾ ಅಜ್ಜಿ ಅಂದೆ. "ಹೆಣ್ಮಕ್ಳು ಹೆರಿಗೆಗೆ ತವ್ರಿಗ್ ಬಂದವ್ರೆ ಕಣವ್ವ. ಗಲಾಟೆ ಅಂತ ಓಡ್ಸಕಾಯ್ತದಾ?" ಅಂದರು. ಈ ಮಾತು ಅಲ್ಲಿಯ ಜನ ಹೇಳುತ್ತಾರೆ ಅಂತ ಎಷ್ಟೋ ಕಡೆ ಓದಿದ್ದೆ. ಪೇಪರಿನವರಿಗೆ ಚೆನ್ನಾಗಿರಲಿ ಅಂತ ಹೇಳೋದು ಅಂದುಕೊಂಡಿದ್ದೆ. ಅಜ್ಜಿ ಕಾಳಿಂದ ತಲೆ ಎತ್ತದೆ ಹೇಳಿದರು.

ನಿನಗೆ ಮಕ್ಕಳೆಷ್ಟು ಅಂತ ಕೇಳಿದರು. ಒಬ್ಬಳೇ, ಜೂನಿಗೆ ಹೆರಿಗೆ ಅಂದೆ. "ಯಾವಾಗ್ ಕರ್ಕೊಂಡ್ ಬತ್ತೀಯ?" ಬರೋಕಾಗಲ್ಲ ಅಜ್ಜಿ, ಕೆನಡಾ, ದೂರ, ಅಲ್ಲೇ ಆಸ್ಪತ್ರೆ ಅಂದೆ. ಸ್ವಲ್ಪ ಹೊತ್ತು ಕಾಳು ಬಿಡಿಸಿದರು. "ಹಂಗಾರೆ ನೀನೇ ವೋಗು" ಅಂದರು. ಟಿಕೆಟ್ ಆಗಿದೆ ಅಂದೆ. "ಮತ್ತಿನ್ನೇನು" ಅಂತ ಮಡಿಲಿಗೆ ಒಂದು ಬೊಗಸೆ ಕಾಳು ಹಾಕಿದರು. ಇವತ್ತು ಮಧ್ಯಾಹ್ನ ಅದರದೇ ಸಾರು.

ನನ್ನ ಹಳೇ ಕಾಟನ್ ಸೀರೆ ಐದು ಒಗೆದು ಇಟ್ಟಿದ್ದೇನೆ. ಅಲ್ಲಿ ಎಲ್ಲಾ ಅಂಗಡಿಯಲ್ಲೇ ಸಿಗುತ್ತದೆ ಅಂತ ನೀನು ಹೇಳಬೇಡ. ಹದಿನೈದು ವರ್ಷ ಒಗೆದ ಸೀರೆ ಯಾವ ಅಂಗಡಿಯಲ್ಲೂ ಸಿಗಲ್ಲ. ಮೆಣಸಿನ ಪುಡಿ ಯುಗಾದಿ ಆದ ಮೇಲೆ ಮಾಡುತ್ತೇನೆ. ಇನ್ನು ಹತ್ತೇ ದಿನ ಹಬ್ಬಕ್ಕೆ. ಬೈನಾಕ್ಯುಲರ್ ಕೈಚೀಲದಲ್ಲೇ ತರುತ್ತೇನೆ.

ನಿನಗೆ ಎರಡು ಕೆಲಸ. ನಿನ್ನ ವಿಡಿಯೋದ ಕರಿಹಕ್ಕಿಗಳಲ್ಲಿ ಈಗ ಬಂದಿರೋದು ಗಂಡುಗಳು. ಮೊದಲು ಬಂದು ಜೊಂಡಿನಲ್ಲಿ ಜಾಗ ಹಿಡಿದು ಕೂಗುತ್ತವೆ, ಹೆಣ್ಣುಗಳು ಬರೋದು ಆಮೇಲೆ. ಹೆಣ್ಣು ಕಪ್ಪಿರಲ್ಲ. ಮೈಯೆಲ್ಲ ಕಂದು ಗೀಟು, ದಪ್ಪಗಿನ ಗುಬ್ಬಚ್ಚಿ ಹಾಗೆ ಕಾಣುತ್ತದೆ, ಬೇರೆ ಹಕ್ಕಿ ಅಂತ ಬಿಟ್ಟುಬಿಡಬೇಡ. ಮೊದಲು ಕಂಡ ದಿನ ಬರೆದಿಡು. ಎರಡನೇದು, ಗೂಡು ಕಟ್ಟಿದ ಮೇಲೆ ಅವು ಹತ್ತಿರ ಹೋದವರ ತಲೆಗೆ ಬಂದು ಕುಕ್ಕುತ್ತವೆ. ಮೇ ತಿಂಗಳಿಂದ ಆ ಕೆರೆ ಪಕ್ಕ ನಡೆಯುವಾಗ ಟೋಪಿ ಹಾಕಿಕೋ. ಅಳಿಯಂದಿರಿಗೂ ಹೇಳು, ಅವರಿಗೆ ಮುಂದೆ ಕೂದಲು ಬೇರೆ ಕಡಿಮೆ.

ಪತ್ರ ಮುಚ್ಚೋಕೆ ಮುಂಚೆ ಟೆರೇಸಿಗೆ ಹೋಗಿ ಬಂದೆ. ಇದೆ. ಗಂಟಲ ಕಪ್ಪು ನಿನ್ನೆಗಿಂತ ಜಾಸ್ತಿಯಾಗಿದೆ.

ನಿನ್ನ,
ಅಮ್ಮ